ನನ್ನ ಕಿಟಕಿಗೆ ಬರಬ್ಯಾಡ್ರಿ

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ನೋಟು ಎಣಿಸಿ ಎಣಿಸಿ ಸವೆದು ಹುಣಸೆಬೀಜದ ಹಾಗೆ ನುಣ್ಣಗಾಗಿತ್ತು. ಅವರು ಕೆಲಸ ಮಾಡುತ್ತಿದ್ದ ಖಾಸಗಿ ಆಸ್ಪತ್ರೆಯ ಹಾಜರಿ ಯಂತ್ರ ಆ ಬೆರಳನ್ನು ಗುರುತಿಸುತ್ತಲೇ ಇರಲಿಲ್ಲವಂತೆ. ದಿನಾ ಬೆಳಿಗ್ಗೆ ಒತ್ತುವುದು, ಕೆಂಪು ದೀಪ ಬರುವುದು, ಸೆರಗಿನಿಂದ ಒರೆಸಿಕೊಂಡು ಮತ್ತೆ ಒತ್ತುವುದು, ಕಡೆಗೆ ಎಡಗೈ ಕಿರುಬೆರಳು ಕೊಟ್ಟು ಒಳಗೆ ಹೋಗುವುದು. "ಇಷ್ಟ್ ವರ್ಷ ದುಡದ್ರೂ ಅದಕ್ಕ ನನ್ನ ಗುರುತ ಹತ್ತಂಗಿಲ್ಲ ನೋಡು" ಎಂದು ಲೋಕಲ್ ಟ್ರೇನಿನಲ್ಲಿ ಆ ಹೆಬ್ಬೆರಳನ್ನು ನನ್ನ ಮುಖದ ಮುಂದೆ ಹಿಡಿದು ನಗುತ್ತಿದ್ದರು.

ನಾನು ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ. ವಿಜಯಪುರದ ಕಡೆಯವರು. ಮದುವೆಯಾಗಿ ಮುಂಬಯಿಗೆ ಬಂದು, ಗಂಡನನ್ನು ಬೇಗ ಕಳೆದುಕೊಂಡು, ಮಗಳೊಬ್ಬಳನ್ನು ಇಟ್ಟುಕೊಂಡು ಘಾಟ್ಕೋಪರಿನ ಗುಡ್ಡದ ಮೇಲಿನ ಚಾಳಿನಲ್ಲಿ ಇದ್ದರು. ನಾನೂ ಘಾಟ್ಕೋಪರಿನವಳೇ, ನಮ್ಮದು ಸ್ಟೇಷನ್ನಿನ ಹತ್ತಿರದ ಬಿಲ್ಡಿಂಗು. ಇಬ್ಬರೂ ಬೆಳಿಗ್ಗೆ ಒಂದೇ ಸ್ಲೋ ಲೋಕಲ್ ಹಿಡಿಯುತ್ತಿದ್ದೆವು. ನಾನು ಮಾಟುಂಗದಲ್ಲಿ ಇಳಿದು ಲೆಕ್ಕಪತ್ರದ ಆಫೀಸಿಗೆ ಹೋಗುತ್ತಿದ್ದೆ, ಅವರು ಇನ್ನೂ ಮುಂದಕ್ಕೆ ಹೋಗುತ್ತಿದ್ದರು. ಲೋಕಲ್ಲಿನ ಗೆಳೆತನವೇ ಬೇರೆ. ಅತ್ತೆಯ ಕಾಟದಿಂದ ಹಿಡಿದು ಹೆರಿಗೆಯ ನೋವಿನ ತನಕ ಎಲ್ಲ ಗೊತ್ತಿರುತ್ತದೆ, ಮನೆಯ ಬಾಗಿಲು ಮಾತ್ರ ಯಾವ ದಿಕ್ಕಿಗಿದೆಯೆಂದು ಗೊತ್ತಿರುವುದಿಲ್ಲ. ಅವರ ಮನೆಗೆ ನಾನು ಹೋದದ್ದು ಒಂದೇ ಸಲ, ಅವರನ್ನು ಕರೆದುಕೊಂಡು ಹೋಗಲು.

ಆಸ್ಪತ್ರೆಯಲ್ಲಿ ಅವರದು ಹಣ ಕಟ್ಟಿಸಿಕೊಳ್ಳುವ ಕಿಟಕಿ. ರೋಗಿಯನ್ನು ಒಳಗೆ ಸೇರಿಸುವ ಮೊದಲು ಡಿಪಾಸಿಟ್ ಎಷ್ಟು ಎಂದು ಹೇಳಬೇಕಾದವರು ಅವರೇ. "ಗಾಜಿನ ಈಚಿ ಕುಂತು ನೋಡಿದ್ರ ಮನಷಾರ ಬಾಯಿ ಒಣಗೋದು ಕಾಣ್ತೈತಿ, ತಂಗಿ" ಎಂದಿದ್ದರು ಒಮ್ಮೆ. ಅದಕ್ಕಾಗಿ ತಮ್ಮ ಮೇಜಿನ ಮೇಲೆ ಒಂದು ನೀರಿನ ಜಗ್ಗು ಇಟ್ಟುಕೊಂಡಿದ್ದರು. ಕಿಟಕಿಗೆ ಬಂದವರ ಮುಂದೆ ಮೊದಲು ಒಂದು ಲೋಟ ನೀರು ಸರಿಸುತ್ತಿದ್ದರು, ಅವರು ಕುಡಿದ ಮೇಲೆ ಮೊತ್ತ ಹೇಳುತ್ತಿದ್ದರು. ಕಾಗದಪತ್ರ ಒದ್ದೆಯಾಗುತ್ತದೆ ಎಂದು ಮೇಲಿನವರು ಆಕ್ಷೇಪಿಸಿದಾಗ, ಹಾಗಾದರೆ ಮೊತ್ತವನ್ನು ನೀವೇ ಬಂದು ಹೇಳಿ ಎಂದರಂತೆ. ಜಗ್ಗು ಅಲ್ಲೇ ಉಳಿಯಿತು.

ಆ ಕಿಟಕಿಯ ಹಗೆಯನ್ನೆಲ್ಲ ಅವರು ಟ್ರೇನಿನಲ್ಲಿ ತೀರಿಸಿಕೊಳ್ಳುತ್ತಿದ್ದರು. ನಮ್ಮ ಡಬ್ಬಿಯಲ್ಲಿ ದಾದರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಗುಜರಾತಿ ಹೆಂಗಸಿದ್ದರು, ನಾವೆಲ್ಲ ಬೆನ್ ಎನ್ನುತ್ತಿದ್ದೆವು. ಬೆನ್ ಚೀಲದಿಂದ ಕಡಲೆಹಿಟ್ಟಿನ ಗಾಠಿಯಾ, ಕರಿದ ಮೆಣಸಿನಕಾಯಿ ತೆಗೆದರೆಂದರೆ ಅಕ್ಕನ ಕಣ್ಣು ಅಲ್ಲೇ. "ಖಾವೊ ಬೆನ್, ಖಾವೊ. ಫಿರ್ ಮೇರೀ ಖಿಡಕೀ ಪೇ ಮತ್ ಆನಾ." ತಿನ್ನು, ಆಮೇಲೆ ರೋಗ ತಂದುಕೊಂಡು ನನ್ನ ಕಿಟಕಿಗೆ ಬರಬೇಡ ಎಂದು. ಬೆನ್ ಸುಮ್ಮನಿರುವವರಲ್ಲ. ನಿನ್ನ ಧಂಧೆಯನ್ನು ನೀನೇ ಕೆಡಿಸುತ್ತಿದ್ದೀಯ, ನಿಮ್ಮ ಸೇಠ್‌ಗೆ ಹೇಳುತ್ತೇನೆ ನೋಡು ಎಂದು ಅಣಕಿಸಿ ಒಂದು ತುಂಡು ಗಾಠಿಯಾವನ್ನು ಅಕ್ಕನ ಬಾಯಿಗೇ ತುರುಕುತ್ತಿದ್ದರು. ಅಕ್ಕ ಅದನ್ನು ಉಗುಳುತ್ತಿರಲಿಲ್ಲ. ಕರಿದದ್ದೆಂದರೆ ಅವರಿಗೂ ಪ್ರಾಣ. ತಿಂದು, ಬೆರಳು ನೆಕ್ಕಿಕೊಂಡು, ಮತ್ತೆ ಬೈಯುತ್ತಿದ್ದರು.

ಅವರೇ ಹಾಕಿಕೊಟ್ಟ ಒಂದು ಕಟ್ಟಳೆಯಿತ್ತು. ಬೆಳಿಗ್ಗೆ ಕುರ್ಲಾ ಬಿಟ್ಟ ಮೇಲೆ ಸಯನ್ ಬರುವ ತನಕ ಕೂತವರೆಲ್ಲ ಎದ್ದು ನಿಲ್ಲಬೇಕು, ನಿಂತವರು ಕೂರಬೇಕು. ಇಡೀ ದಿನ ಕುರ್ಚಿಯಲ್ಲಿ ಕೂರುವವರಿಗೆ ಅಷ್ಟಾದರೂ ರಕ್ತ ಓಡಾಡಲಿ ಎಂಬುದು ಒಂದು ಕಾರಣ. ಕಲ್ಯಾಣದಿಂದ ನಿಂತುಕೊಂಡೇ ಬಂದವರಿಗೆ ಸೊಂಟ ಆರಲಿ ಎಂಬುದು ಇನ್ನೊಂದು. ಮೊದಮೊದಲು ಎಲ್ಲರೂ ಗೊಣಗಿದರು. ಆಮೇಲೆ ಕುರ್ಲಾ ಬಿಟ್ಟ ಕೂಡಲೇ ನಮ್ಮ ಮೂಲೆಯಲ್ಲಿ ಹತ್ತು ಸೀರೆ, ಚೂಡಿದಾರಗಳು ಒಟ್ಟಿಗೆ ಮೇಲೇಳುವುದನ್ನು ನೋಡಿ ಹೊಸಬರು ಏನೋ ಪ್ರಾರ್ಥನೆ ಇರಬೇಕೆಂದು ತಿಳಿಯುತ್ತಿದ್ದರು.

ನಾನೂ ಒಂದು ಸಲ ಆ ಕಿಟಕಿಗೆ ಹೋದೆ. ಅಪ್ಪ ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದವರು. ಗಲ್ಲಾದ ಹಿಂದೆ ಕೂತು, ದಿನಕ್ಕೆ ಲೆಕ್ಕವಿಲ್ಲದಷ್ಟು ಸಿಹಿ ಕಾಫಿ ಕುಡಿದು ನಿವೃತ್ತರಾದವರು. ಎದೆ ಹಿಡಿದುಕೊಂಡಿತು ಎಂದಾಗ ನನಗೆ ತೋಚಿದ್ದು ಅಕ್ಕನ ಆಸ್ಪತ್ರೆ. ಕಿಟಕಿಯ ಆಚೆ ಅವರು ಬೇರೆ ಯಾರೋ ಆಗಿದ್ದರು. ಕನ್ನಡಕ, ನೀಲಿ ಕೋಟು, ತಗ್ಗಿದ ದನಿ. ನೀರಿನ ಲೋಟ ನನ್ನ ಕಡೆಗೂ ಬಂತು. ಕುಡಿದೆ. ಆಗ ಅವರು ಹಿಂದಿಯಲ್ಲಿ, ಮೇಡಂ ಎಂದು ಕರೆದು, ಮೊತ್ತ ಹೇಳಿದರು.

ಅಪ್ಪನಿಗೆ ಆದದ್ದು ದೊಡ್ಡದೇನಲ್ಲ, ಎರಡು ದಿನದಲ್ಲಿ ಮನೆಗೆ ಕಳಿಸಿದರು. ಮತ್ತೆ ಟ್ರೇನಿನಲ್ಲಿ ಸಿಕ್ಕಾಗ ಅಕ್ಕ ಮುಖ ತಿರುಗಿಸಿ ಕೂತರು. ವಿದ್ಯಾವಿಹಾರ ದಾಟಿದ ಮೇಲೆ ಒಮ್ಮೆಲೇ, "ಇಷ್ಟ್ ದಿನ ಬಡಕೊಂಡದ್ದು ಯಾರ ಮುಂದ? ನಿನ್ನ ಮುಖ ಆ ಗಾಜಿನಾಗ ಕಾಣಬಾರದಿತ್ತು" ಎಂದರು. ಕಣ್ಣು ತುಂಬಿತ್ತು, ಸಿಟ್ಟೂ ಇತ್ತು. ಅಪ್ಪನ ನಂಬರು ಕೇಳಿ ತೆಗೆದುಕೊಂಡರು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಅಪ್ಪನಿಗೆ ಅವರ ಫೋನು. ಎದ್ದಿರೇನು, ಚಪ್ಪಲಿ ಹಾಕಿದಿರೇನು, ಮೆಟ್ಟಿಲು ಇಳಿದಿರೇನು ಎಂದು ಬೀದಿಗೆ ತಲುಪುವ ತನಕ ಬಿಡುತ್ತಿರಲಿಲ್ಲ. ನಮ್ಮ ಕರಾವಳಿಯ ಕನ್ನಡದಲ್ಲಿ ಅಪ್ಪ ನಯವಾಗಿ ಜಾರಿಕೊಳ್ಳಲು ನೋಡುತ್ತಿದ್ದರು. ಇವರ ವಿಜಯಪುರದ ಮಾತು ಅವರನ್ನು ಕುತ್ತಿಗೆ ಹಿಡಿದು ಹೊರಡಿಸುತ್ತಿತ್ತು. ಮುಖ ನೋಡದ ಆ ಹೆಂಗಸಿಗೆ ಹೆದರಿ ಅಪ್ಪ ಕಾಫಿಗೆ ಸಕ್ಕರೆ ಬಿಟ್ಟರು.

ಆ ಶುಕ್ರವಾರದ ಬಗ್ಗೆ ಬರೆಯದೆ ಇದನ್ನು ಮುಗಿಸಲಾರೆ.

ಶ್ರಾವಣ. ಬೆಳಗಿನಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಮಧ್ಯಾಹ್ನವೇ ಆಫೀಸುಗಳು ಬಿಟ್ಟವು. ಮಾಟುಂಗದಲ್ಲಿ ನಾನು ಹತ್ತಿದ ಡಬ್ಬಿಯಲ್ಲಿ ಅಕ್ಕ, ಬೆನ್ ಇಬ್ಬರೂ ಮೊದಲೇ ಇದ್ದರು. ಸಯನ್ ದಾಟಿ ಸ್ವಲ್ಪ ದೂರಕ್ಕೆ ಟ್ರೇನು ನಿಂತಿತು. ಬಹಳ ಹೊತ್ತು ನಿಂತಿತು. ಫ್ಯಾನು ಆರಿತು. ಬಾಗಿಲಿಂದ ನೋಡಿದರೆ ಹಳಿಯೇ ಇಲ್ಲ. ಕಂದು ನೀರು, ಅದರಲ್ಲಿ ತೇಲುವ ಥರ್ಮಾಕೋಲು, ಬಾಟಲಿ. ಮುಂದಿನ ಡಬ್ಬಿಗಳಿಂದ ಜನ ಇಳಿದು ಕುರ್ಲಾದ ಕಡೆಗೆ ಸಾಲಾಗಿ ನಡೆಯತೊಡಗಿದ್ದರು. ನಾವೂ ಇಳಿದೆವು. ಅಕ್ಕ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ ಮುಂದೆ ನಿಂತರು. ಹಿಂದೆ ನಾನು, ನನ್ನ ಹಿಂದೆ ಬೆನ್, ಕೈಕೈ ಹಿಡಿದು ಹೆಂಗಸರ ಸರಪಳಿ. ಮೊದಲು ನೀರು ಮೊಣಕಾಲಿಗಿತ್ತು, ಆಮೇಲೆ ಸೊಂಟಕ್ಕೆ ಬಂತು.

ಹಳಿಯ ಪಕ್ಕದಲ್ಲಿ ಗಟಾರವಿದೆ ಎಂದು ದಿನವೂ ಆ ದಾರಿಯಲ್ಲಿ ಹೋಗುವ ನನಗೆ ಗೊತ್ತಿತ್ತು. ನೀರಿನ ಕೆಳಗೆ ಅದು ಎಲ್ಲಿದೆಯೆಂದು ಗೊತ್ತಿರಲಿಲ್ಲ. ಎಡಗಾಲು ಇಟ್ಟಲ್ಲಿ ನೆಲ ಸಿಗಲಿಲ್ಲ. ನೀರು ಎದೆಗೆ, ಗದ್ದಕ್ಕೆ ಬಂತು. ಕೆಳಗಿನಿಂದ ಯಾರೋ ಕಾಲು ಹಿಡಿದು ಎಳೆದ ಹಾಗೆ ಸೆಳೆತ. ಬೆನ್‌ನ ಕೈ ಜಾರಿತು, ಅಕ್ಕನ ಕೈಯೂ ಜಾರಿತು. ಅವರಿಗೆ ಸಿಕ್ಕಿದ್ದು ನನ್ನ ಬ್ಯಾಗಿನ ಪಟ್ಟಿ. ಎಳೆಯಲು ಆಗುವುದಿಲ್ಲ ಎಂದು ತಿಳಿದು ಅವರು ಆ ನೀರಿನಲ್ಲಿ ಕೂತೇ ಬಿಟ್ಟರು. ಕೂತು, ಎರಡೂ ಪಾದಗಳನ್ನು ಹಳಿಗೆ ಒತ್ತಿ, ಪಟ್ಟಿಯನ್ನು ಮುಂಗೈಗೆ ಸುತ್ತಿಕೊಂಡು ಹಿಂದಕ್ಕೆ ವಾಲಿದರು. ಅವರ ಮುಖವೂ ನೀರಿಗೆ ತಾಗಿತ್ತು. "ಬಿಡಂಗಿಲ್ಲ" ಎಂದರು. ನನಗೆ ಹೇಳಿದರೋ ನೀರಿಗೆ ಹೇಳಿದರೋ.

ಹೊರಗೆ ಬಂದೆ. ಕುರ್ಲಾದ ಪ್ಲಾಟ್‌ಫಾರ್ಮಿನಲ್ಲಿ ಕೂತಾಗ ಅವರ ಚಪ್ಪಲಿಗಳು ಇರಲಿಲ್ಲ. ಒಡೆದ ಹಿಮ್ಮಡಿಯಲ್ಲಿ ಉದ್ದಕ್ಕೆ ಸೀಳಿ ರಕ್ತ ಬರುತ್ತಿತ್ತು. ಅದನ್ನು ನೋಡಿ ನಾನು ಅಳತೊಡಗಿದೆ. ಹೊಸ ಚಪ್ಪಲಿ ಹೋಯಿತಲ್ಲ ಎಂದು ಅಳಬೇಕಾದವಳು ನಾನು, ನೀನ್ಯಾಕೆ ಅಳುತ್ತೀ ಎಂದು ಅವರು ನಕ್ಕರು.

ಈಗಲೂ ಸ್ನಾನದ ಬಕೆಟ್ಟು ತುಂಬಿ ನೀರು ಚೆಲ್ಲಿದರೆ ನನ್ನ ಕಾಲು ತಾನಾಗಿ ಹಿಂದೆ ಸರಿಯುತ್ತದೆ. ಆಫೀಸಿನಲ್ಲಿ ಕೂತಿದ್ದ ಹಾಗೆಯೇ ನೆಲ ಇಲ್ಲವಾಗುತ್ತದೆ. ಒಂದೊಂದು ಸಲ ಬ್ಯಾಗಿನ ಪಟ್ಟಿ ಹರಿಯುತ್ತದೆ. ಒಂದೊಂದು ಸಲ ಅವರೇ ನನ್ನ ಪಕ್ಕದಿಂದ ಹಾದು ಒಳಗೆ ಜಾರುತ್ತಾರೆ. ನಡೆದದ್ದು ಹಾಗಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಗುತ್ತದೆ.

ಮರುದಿನ ಪಾಲಿಕೆಯ ರಿಕ್ಷಾ ಮೈಕು ಕಟ್ಟಿಕೊಂಡು ಗಲ್ಲಿಗಲ್ಲಿಯಲ್ಲಿ ಕೂಗುತ್ತಿತ್ತು. ಮಳೆನೀರಿನಲ್ಲಿ ನಡೆದವರು, ಅದರಲ್ಲೂ ಕಾಲಿಗೆ ಗಾಯವಿದ್ದವರು, ಮೂರು ದಿನದೊಳಗೆ ದವಾಖಾನೆಗೆ ಬಂದು ಗುಳಿಗೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಇಲಿಜ್ವರ ಬರಬಹುದು, ಗುಳಿಗೆಗೆ ದುಡ್ಡಿಲ್ಲ. ಅಕ್ಕ ಅದಕ್ಕೂ ಮೊದಲೇ ಎಲ್ಲರಿಗೂ ಫೋನು ಮಾಡಿ ನಮ್ಮನ್ನು ಪಾಲಿಕೆಯ ದವಾಖಾನೆಯ ಸಾಲಿನಲ್ಲಿ ನಿಲ್ಲಿಸಿದ್ದರು. ಪುಕ್ಕಟೆ ಗುಳಿಗೆಯಲ್ಲಿ ಜೋರಿರುವುದಿಲ್ಲ, ಮೆಡಿಕಲ್‌ನಿಂದ ತರುತ್ತೇನೆ ಎಂದು ಬೆನ್ ತಕರಾರು ತೆಗೆದರು. ಅಕ್ಕ ಬೆನ್‌ನ ಜಡೆ ಹಿಡಿಯುವುದೊಂದು ಬಾಕಿ. ಊಟವಾದ ಮೇಲೆಯೇ ನುಂಗಬೇಕು, ಹೊಟ್ಟೆ ಉರಿಸುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ, ಎದುರಿನ ಗಾಡಿಯಿಂದ ಇಡ್ಲಿ ತಂದು, ನಮಗೆಲ್ಲ ತಿನ್ನಿಸಿ, ಬಾಯಿ ತೆರೆಸಿ ನೋಡಿ, ನುಂಗಿಸಿದರು.

ಅವರು ನುಂಗಲಿಲ್ಲ. ಶ್ರಾವಣ ತಿಂಗಳಿಡೀ ಅವರದು ಒಪ್ಪತ್ತು, ಸಂಜೆ ದೀಪ ಹಚ್ಚಿದ ಮೇಲೆ ಒಂದೇ ಊಟ. ಸೋಮವಾರ ಅದೂ ಇಲ್ಲ. ತಾಯಿ ಮಾಡುತ್ತಿದ್ದರು, ಇವರೂ ಮಾಡುತ್ತಿದ್ದರು. ಮುಂಬಯಿಗೆ ಬಂದ ಮೇಲೆ ಒಂದು ವರ್ಷವೂ ತಪ್ಪಿಸಿರಲಿಲ್ಲ. ಸಂಜೆ ಉಂಡು ತಗೋತೀನಿ ಎಂದು ಗುಳಿಗೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಸೋಮವಾರ ಟ್ರೇನಿನಲ್ಲಿ ಕೇಳಿದೆ.

"ಅಕ್ಕ, ತೆಗೆದುಕೊಂಡ್ರಲ್ಲ?"

"ತಗೊಂಡಂಗ ತಿಳಿ. ಒಪ್ಪತ್ತಿನ ಹೊಟ್ಟಿಗೆ ಅದು ಬೆಂಕಿ, ತಂಗಿ. ಹಿಂದ ಒಮ್ಮೆ ಇಂಥಾದ್ದ ಗುಳಿಗಿ ತಗೊಂಡು ಎರಡ ದಿನ ಹೊರಳ್ಯಾಡೀನಿ. ಈ ಸೋಮಾರ ಒಂದ ದಾಟ್ಲಿ, ನಾಳೆ ಒಪ್ಪತ್ತು ಮುರದು ಎರಡ ಹೊತ್ತ ಉಣ್ತೀನಿ, ನುಂಗತೀನಿ. ದೇವರೇನ್ ಕೇಸ್ ಹಾಕಂಗಿಲ್ಲ."

ನನ್ನ ಜೊತೆ ಬೆನ್ ಕೂಡ ಸೇರಿ ಬೈದರು. ಅಕ್ಕ ನಕ್ಕು, ಕುರ್ಲಾ ಬಂತು ಏಳ್ರಿ ಎಂದರು.

ಮಂಗಳವಾರ ಅವರ ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ಮಳೆ ಬಂದ ಮೇಲೆ ಜ್ವರದವರ ಸಾಲು, ಅರ್ಧ ಸಿಬ್ಬಂದಿ ರಜೆ. ಕಿಟಕಿಯಿಂದ ಎದ್ದದ್ದೇ ತಡವಾಗಿ. ಮನೆಗೆ ಬಂದು ಉಣ್ಣದೆ ಮಲಗಿದರು ಎಂದು ಆಮೇಲೆ ಮಗಳು ಹೇಳಿದಳು. ಮರೆಯದಿರಲಿ ಎಂದು ಗುಳಿಗೆಯನ್ನು ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಇಟ್ಟಿದ್ದರಂತೆ. ಮಗಳು ನೆನಪಿಸಿದಾಗ ಅವರು ಹೇಳಿದ ಮೂರು ದಿನ ದಾಟಿತು ಬಿಡು, ಏನೂ ಆಗಿಲ್ಲವಲ್ಲ ಎಂದರಂತೆ.

ಮುಂದಿನ ವಾರ ಒಂದು ಬೆಳಿಗ್ಗೆ ಕುರ್ಲಾ ಬಿಟ್ಟ ಮೇಲೆ ಎಲ್ಲರೂ ಎದ್ದೆವು, ಅಕ್ಕ ಏಳಲಿಲ್ಲ. ಮೀನಖಂಡ ಹಿಡಿದುಕೊಂಡಿವೆ ಎಂದರು. ಕಟ್ಟಳೆ ಹಾಕಿದವರೇ ಮುರಿದರು ಎಂದು ಬೆನ್ ಚಪ್ಪಾಳೆ ತಟ್ಟಿ ನಗಾಡಿದರು. ಅಕ್ಕನ ಕಣ್ಣು ಕೆಂಪಗಿತ್ತು. ಮೈ ಮುಟ್ಟಿದೆ, ಬಿಸಿ. ಮನೆಗೆ ಹೋಗಿ ಎಂದೆ. ತಿಂಗಳ ಕೊನೆ, ನಾನು ಹೋಗದಿದ್ದರೆ ಲೆಕ್ಕ ಮುಗಿಯುವುದಿಲ್ಲ ಎಂದರು. ಮಾಟುಂಗದಲ್ಲಿ ಇಳಿದು ತಿರುಗಿ ನೋಡಿದೆ. ತಲೆಯನ್ನು ಸರಳಿಗೆ ಆನಿಸಿ ಕಣ್ಣು ಮುಚ್ಚಿದ್ದರು.

ನಂತರದ ಮೂರನೆಯ ದಿನ ಅವರ ನಂಬರಿನಿಂದ ಮಗಳ ಫೋನು ಬಂತು. ಗುಡ್ಡದ ಮೆಟ್ಟಿಲು ಹತ್ತಿ ಹೋದಾಗ ಅಕ್ಕ ಹೊಸ್ತಿಲಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಅರಿಸಿನ. ಕಾಲೇಜಿಗೆ ಹೋಗುವ ಮಗಳು ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ತಾಯಿಯ ಆಸ್ಪತ್ರೆಯ ಕಾರ್ಡು ಹಿಡಿದು ನಿಂತಿದ್ದಳು. ನಿಮ್ಮ ಆಸ್ಪತ್ರೆಗೇ ಹೋಗೋಣ, ಅಲ್ಲಿ ನಿಮ್ಮ ಜನ ಇದ್ದಾರೆ ಎಂದೆ ನಾನು. ಅವರು ಮಗಳ ಕೈಯಿಂದ ಆ ಕಾರ್ಡು ತೆಗೆದುಕೊಂಡರು.

"ಮಂಚಕ್ಕಷ್ಟ ರಿಯಾಯತಿ ಕೊಡ್ತಾರ. ಐಸಿಯು, ಔಷಧಿ, ಅದಕ್ಕೆಲ್ಲ ಎಷ್ಟ ಬೀಳ್ತೈತಿ ಅಂತ ನಿನಗಿಂತ ನನಗ ಗೊತ್ತೈತಿ. ಇಕಿನ್ನ ಆ ಕಿಟಕಿ ಮುಂದ ನಿಲ್ಲಸಬ್ಯಾಡ. ಅಲ್ಲಿ ನಿಂತವರ ಮುಖ ನಾ ನೋಡೀನಿ." ಉಸಿರು ತೆಗೆದುಕೊಂಡು, "ಸರಕಾರಿಗೆ ನಡಿ" ಎಂದರು.

ರಿಕ್ಷಾದಲ್ಲಿ ಅವರ ತಲೆ ನನ್ನ ಹೆಗಲ ಮೇಲಿತ್ತು. ಪ್ರತಿ ಸಿಗ್ನಲ್ಲಿನಲ್ಲಿ ನಾನು ಅವರ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದೆ.

ಪಾಲಿಕೆಯ ಆ ದೊಡ್ಡ ಆಸ್ಪತ್ರೆಯಲ್ಲಿ ಜನ ನೆಲದ ಮೇಲೂ ಮಲಗಿದ್ದರು. ಆದರೂ ನಿದ್ದೆಗೆಟ್ಟ ಹುಡುಗ ಡಾಕ್ಟರೊಬ್ಬ ಅವರ ಕಣ್ಣು ನೋಡಿದವನೇ ಮಂಚ ಹುಡುಕಿ ಕೊಟ್ಟ, ಯಾರೂ ಏನೂ ಕಟ್ಟಿ ಎನ್ನಲಿಲ್ಲ. ಮೂತ್ರಪಿಂಡ ಸೋತಿದ್ದವು, ಡಯಾಲಿಸಿಸ್ ಶುರು ಮಾಡಿದರು. ನಡುವೆ ಒಂದು ದಿನ ಚೇತರಿಸಿಕೊಂಡ ಹಾಗೆ ಕಂಡಿತು. ನೋಡಲು ಬಂದ ಬೆನ್‌ಗೆ, ಚೀಲದಲ್ಲಿ ಗಾಠಿಯಾ ಇದೆಯೇ ಎಂದು ಕೇಳಿದರು. ಬೆನ್ ಅಳುತ್ತಾ ಹೊರಗೆ ಓಡಿದರು. ಅಕ್ಕ ಪಕ್ಕದ ಮಂಚದ ಮುದುಕಿಗೆ ಉಪ್ಪು ಬಿಡು ಎಂದು ಹೇಳಿಕೊಡುತ್ತಿದ್ದರು. ಆಮೇಲೆ ಉಸಿರಾಟ ಕೆಟ್ಟಿತು. ಒಂದು ಬೆಳಿಗ್ಗೆ, ನಮ್ಮ ಟ್ರೇನಿನ ಹೊತ್ತಿಗೆ, ಹೋಗಿಬಿಟ್ಟರು.

ಗುಳಿಗೆ ನುಂಗಿದ್ದರೆ ಉಳಿಯುತ್ತಿದ್ದರೇ ಎಂದು ಆ ಹುಡುಗ ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದ. ಅವರದೇ ಆಸ್ಪತ್ರೆಗೆ ಒಯ್ದಿದ್ದರೆ ಎಂದು ಅಪ್ಪ ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಗೊತ್ತಿರುವುದು ಒಂದೇ. ಆ ಗಾಯ ಆದದ್ದು ನನ್ನನ್ನು ಎಳೆಯುವಾಗ.

ಬೆಳಿಗ್ಗೆ ಕುರ್ಲಾ ಬಿಟ್ಟ ಮೇಲೆ ನಾವು ಈಗಲೂ ಏಳುತ್ತೇವೆ. ಏಳ್ರಿ ಎನ್ನುವವರು ಇಲ್ಲ. ಭಾನುವಾರ ಬೆಳಿಗ್ಗೆ ಅಪ್ಪ ಫೋನನ್ನು ಒಮ್ಮೆ ನೋಡಿ, ಕಿಸೆಗೆ ಹಾಕಿಕೊಂಡು ತಾವಾಗಿಯೇ ಮೆಟ್ಟಿಲಿಳಿಯುತ್ತಾರೆ. ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ಎಲ್ಲಿಂದಲೋ ಒಂದು "ಏನವಾ" ಕೇಳಿದರೆ ನನ್ನ ಕುತ್ತಿಗೆ ತಿರುಗುತ್ತದೆ. ಯಾರೋ ಕೂಲಿ ಹೆಂಗಸು ತನ್ನವರನ್ನು ಕರೆಯುತ್ತಿರುತ್ತಾಳೆ. ಆಕೆ ಇನ್ನೊಂದು ಮಾತಾಡಲಿ ಎಂದು ಟ್ರೇನು ಬಿಟ್ಟು ನಿಂತದ್ದೂ ಉಂಟು.

ಮಗಳು ಈಗ ಸೋದರತ್ತೆಯೊಬ್ಬರ ಜೊತೆ ಅದೇ ಮನೆಯಲ್ಲಿ ಇದ್ದಾಳೆ. ಅತ್ತೆ ಹಗಲು ಕೆಲಸಕ್ಕೆ ಹೋಗುತ್ತಾರೆ. ಹುಡುಗಿ ಕನ್ನಡ ತಡವರಿಸುತ್ತಾಳೆ, ಅರ್ಧಕ್ಕೆ ಹಿಂದಿಗೆ ಜಾರುತ್ತಾಳೆ. ನನಗೆ ಫೋನು ಮಾಡುವವಳಲ್ಲ. ಈ ಸಲದ ಮಳೆಯಲ್ಲಿ, ಎಲ್ಲ ಮತ್ತೆ ನೀರಾದ ದಿನದ ಮರುದಿನ, ನಾನು ಆಫೀಸಿನಲ್ಲಿದ್ದಾಗ ಮಾಡಿದಳು.

"ಆಂಟಿ, ನಿನ್ನಿ ಮೈ ನೀರಾಗ ಚಲ್‌ಕೇ ಆಯೀ. ಗುಳಿಗಿ ತಂದೀನಿ, ದವಾಖಾನೇ ಸೇ. ಕೈಯಾಗ ಐತಿ."

"ಊಟ ಮಾಡಿದ್ಯಾ?"

ಇನ್ನೂ ಇಲ್ಲ, ಆಮೇಲೆ ಮಾಡುತ್ತೇನೆ ಎಂದಳು. ಆ ಆಮೇಲೆ ಎನ್ನುವುದು ಎಷ್ಟು ದೂರ ಹೋಗಬಲ್ಲದು ಎಂದು ನನಗೆ ಗೊತ್ತಿತ್ತು. ಮನೆಯಲ್ಲಿ ಏನಿದೆ ಎಂದು ಕೇಳಿದೆ. ಅತ್ತೆ ಮಾಡಿಟ್ಟ ರೊಟ್ಟಿ, ಬೇಳೆ ಇದೆ ಎಂದಳು. ಈಗಲೇ ತಟ್ಟೆಗೆ ಹಾಕಿಕೋ, ನಾನು ಫೋನು ಇಡುವುದಿಲ್ಲ ಎಂದೆ. ಕೆಲಸ ಬಿಟ್ಟು ಮೆಟ್ಟಿಲ ಬಳಿ ಬಂದು ನಿಂತೆ. ತಟ್ಟೆಯ ಸದ್ದು, ರೊಟ್ಟಿ ಮುರಿಯುವ ಸದ್ದು, ಅವಳು ಅಗಿಯುವುದು ಎಲ್ಲ ಕೇಳಿಸಿತು. ಎರಡನೆಯ ರೊಟ್ಟಿಗೆ ಸಾಕು ಎಂದಳು. ಸಾಲದು ಎಂದೆ. ಆಮೇಲೆ ನೀರು, ಒಂದು ಗುಟುಕು, ಇನ್ನೊಂದು.

"ಹೋಯ್ತಾ ಒಳಗೆ?"

"ಹೋಯ್ತು."

ಇಡುತ್ತೇನೆ ಎಂದು ಹೇಳುವುದರಲ್ಲಿದ್ದೆ.

"ಆಂಟಿ," ಎಂದಳು. ದನಿ ಸಣ್ಣದಾಗಿತ್ತು. "ಥೋಡಾ ಬೈರಿ ನನಗ. ಮಮ್ಮಿ ಬೈತಿದ್ಲಲ್ಲ, ಹಂಗ. ಯಾರೂ ನಹೀ ಬೈತಾ ಅಬ್."

ನನಗೆ ಆ ಕಡೆಯ ಮಾತು ಬರುವುದಿಲ್ಲ. ಯಾರನ್ನೂ ಜೋರಾಗಿ ಬೈದವಳೂ ಅಲ್ಲ. ಮೆಟ್ಟಿಲಲ್ಲಿ ಹತ್ತಿ ಇಳಿಯುವವರು ನೋಡುತ್ತಿದ್ದರು. ಗೋಡೆಯ ಕಡೆಗೆ ತಿರುಗಿ ನಿಂತು, ಬಾಯಿಗೆ ಬಂದ ಹಾಗೆ, ಬೈಯತೊಡಗಿದೆ.